ಹಳೇ ವಿಮಾನಕ್ಕೆ ಹೊಸ ಬಣ್ಣ

ನಾನು ಕೇಳುವುದಕ್ಕೆ ಮೊದಲೇ ಆ ಮನುಷ್ಯ ಬೆಲೆ ಇಳಿಸಿದರು. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ಮುಳಬಾಗಿಲಿನಲ್ಲಿ ನನ್ನದೊಂದು ಹಲ್ಲಿನ ಕ್ಲಿನಿಕ್ ಇದೆ. ಹುಟ್ಟಿದ್ದು ಕೋಲಾರದ ಹತ್ತಿರದ ವಕ್ಕಲೇರಿಯಲ್ಲಿ. ಅಪ್ಪ ಇವತ್ತಿಗೂ ಅಲ್ಲೇ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ, ಎರಡು ಸೀಮೆಹಸು ಕಟ್ಟಿದ್ದಾರೆ. ನಲವತ್ತು ದಾಟಿದ ಮೇಲೆ ನಾನು ವಿಮಾನ ಹಾರಿಸುವುದನ್ನು ಕಲಿತೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಿಜ ಏನೆಂದರೆ, ದಿನವಿಡೀ ಇನ್ನೊಬ್ಬರ ಬಾಯೊಳಗೆ ಬಗ್ಗಿ ನೋಡುವವಳಿಗೆ ಒಮ್ಮೆ ದೂರಕ್ಕೆ ನೋಡಬೇಕು ಅನ್ನಿಸಿತ್ತು. ನನ್ನದು ಖಾಸಗಿ ಪೈಲಟ್ ಲೈಸೆನ್ಸ್. ಬಾಡಿಗೆಗೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ, ನನ್ನ ಖುಷಿಗೆ ಮಾತ್ರ ಹಾರಬಹುದು. ಆದರೆ ನನಗೆ ಬಿಡುವಿದ್ದ ಭಾನುವಾರ ಕ್ಲಬ್ಬಿನ ವಿಮಾನ ರಿಪೇರಿಗೆ ಹೋಗಿರುತ್ತಿತ್ತು, ಇಲ್ಲವೇ ಯಾರಾದರೂ ವಿದ್ಯಾರ್ಥಿ ಅದನ್ನು ಹಾರಿಸುತ್ತಿರುತ್ತಿದ್ದ. ಕೊನೆಗೆ ಕೋಲಾರದ ಅಂಚಿನಲ್ಲಿದ್ದ ನನ್ನ ಸೈಟು ಮಾರಿ, ಸೆಕೆಂಡ್ ಹ್ಯಾಂಡ್ ವಿಮಾನವೊಂದನ್ನು ಹುಡುಕತೊಡಗಿದೆ.

ಮಾಲೂರು ದಾಟಿ, ಲಕ್ಕೂರಿನ ಮೇಲೆ ಹೋದರೆ ತಮಿಳುನಾಡಿನ ಗಡಿಯಾಚೆಗೆ ಒಂದು ಖಾಸಗಿ ರನ್‌ವೇ ಇದೆ. ಮಾರಾಟಕ್ಕಿದ್ದ ವಿಮಾನ ಅಲ್ಲಿನ ಹ್ಯಾಂಗರ್ ಶೆಡ್ಡಿನಲ್ಲಿತ್ತು. ನಾಲ್ಕು ಸೀಟು, ಒಂದೇ ಇಂಜಿನ್, ನನಗಿಂತ ಸ್ವಲ್ಪವೇ ಚಿಕ್ಕ ವಯಸ್ಸು. ಮಾಲೀಕರು ಪಲಮನೇರು ಕಡೆಯವರು, ಕೋಳಿ ಫಾರಂ ಇಟ್ಟುಕೊಂಡಿದ್ದ ಎಪ್ಪತ್ತರ ಹತ್ತಿರದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ಸಣ್ಣ ಟಾರ್ಚು.

"ನೋಡಂಡಿ ಡಾಕ್ಟರಮ್ಮ, ನೀವು ಬಾಯಿ ಬಿಟ್ಟು ಕೇಳೋದ್ಯಾಕೆ, ನಾನೇ ಹೇಳ್ಬಿಡ್ತೀನಿ. ಫೋನಲ್ಲಿ ಹೇಳಿದ್ ರೇಟಲ್ಲಿ ಇನ್ನೂ ಬಿಡ್ತೀನಿ," ಎಂದರು.

ಅವತ್ತು ಅಪ್ಪನೂ ನನ್ನ ಜೊತೆ ಬಂದಿದ್ದರು. ಸೈಟು ಮಾರಿದ್ದು ಅವರಿಗೆ ಸರಿಬಂದಿರಲಿಲ್ಲ. ಮಗಳು ಏನು ಕೊಳ್ಳುತ್ತಾಳೆ ಎಂದು ಕಣ್ಣಾರೆ ನೋಡಲು ಬಂದವರು. ಹಸು ಕೊಳ್ಳುವಾಗ ಸುತ್ತುವ ಹಾಗೆಯೇ ಕೈ ಹಿಂದೆ ಕಟ್ಟಿಕೊಂಡು ವಿಮಾನವನ್ನು ಒಂದು ಸುತ್ತು ಹಾಕಿದರು.

ಯಾಕೆ ಮಾರುತ್ತಿದ್ದೀರಿ ಎಂದು ಫೋನಿನಲ್ಲಿ ಕೇಳಿದ್ದಾಗ ಅವರು ಹ್ಯಾಂಗರ್ ಬಾಡಿಗೆ ಜಾಸ್ತಿಯಾಯಿತು ಎಂದಿದ್ದರು. ಹ್ಯಾಂಗರಿನ ಬಾಗಿಲಲ್ಲಿ ಕೇಳಿದರೆ ಫಾರಂ ಕೆಲಸದಲ್ಲಿ ಪುರುಸೊತ್ತಿಲ್ಲ ಎಂದರು. ಟೀ ಕುಡಿಯುವಾಗ, ನಾನು ಕೇಳದೆಯೇ, "ಮನೆಯೋರಿಗೆ ಇಷ್ಟ ಇಲ್ಲಂಡಿ" ಎಂದರು. ಒಂದೇ ಪ್ರಶ್ನೆಗೆ ಒಂದೇ ಬಾಯಿಂದ ಮೂರು ಉತ್ತರ. ನನ್ನ ಕ್ಲಿನಿಕ್ಕಿನಲ್ಲಿ ಹೀಗೆ ಮಾತಾಡುವವರು ಸಾಮಾನ್ಯವಾಗಿ ನೋವಿರುವ ಹಲ್ಲನ್ನು ಬಿಟ್ಟು ಪಕ್ಕದ ಹಲ್ಲು ತೋರಿಸುತ್ತಾರೆ.

ಹಾರಿಸಿ ನೋಡುವ ಸಮಯ ಬಂದಾಗ ಅನುಮಾನ ಇನ್ನೂ ಗಟ್ಟಿಯಾಯಿತು. ಅವರು ಹತ್ತಲಿಲ್ಲ. ನನ್ನ ಜೊತೆ ಕೂರಲು ಒಬ್ಬ ತರಬೇತುದಾರನನ್ನು ಕರೆಸಿದ್ದರು. ನಾವು ಮೇಲೆ ಹೋಗಿ ಇಳಿದು ಬರುವವರೆಗೆ ರನ್‌ವೇ ಪಕ್ಕದ ಬೇಲಿಯ ಹತ್ತಿರ ಒಬ್ಬರೇ ನಿಂತಿದ್ದರು. ವಿಮಾನವೇನೋ ಚೆನ್ನಾಗಿಯೇ ಹಾರಿತು. ಇಂಜಿನ್ನಿನ ಸದ್ದಿನಲ್ಲಿ ಕೊಂಕಿರಲಿಲ್ಲ.

"ಹಸು ಮಾರೋನು ಹಸು ಹತ್ರ ಬರ್ದೆ ದೂರ ನಿಂತ್ಕೊಂಡ್ರೆ ಅದು ಒದೆಯೋ ಹಸು ಕಣಮ್ಮ," ಎಂದರು ಅಪ್ಪ, ವಾಪಸ್ ಬರುವ ದಾರಿಯಲ್ಲಿ. "ತನ್ನ ವಿಮಾನದಲ್ಲಿ ತಾನೇ ಕೂತ್ಕೊಳ್ಳಲ್ಲ ಅಂದ್ರೆ ಏನು?"

ಮುಂದಿನ ವಾರ ಒಬ್ಬ ಇಂಜಿನಿಯರನ್ನು ಗೊತ್ತು ಮಾಡಿಕೊಂಡು ಹೋದೆ. ಜೊತೆಗೆ ಕ್ಲಿನಿಕ್ಕಿನಿಂದ ಬಾಯೊಳಗೆ ನೋಡುವ ಕನ್ನಡಿಯನ್ನೂ ಒಯ್ದಿದ್ದೆ. ಅವರು ಇಂಜಿನ್ ಪರೀಕ್ಷೆ ಮಾಡುತ್ತಿದ್ದಾಗ ನಾನು ಕೈ ಹೋಗದ ಸಂದುಗಳಲ್ಲೆಲ್ಲ ಕನ್ನಡಿ ತೂರಿಸಿ, ಟಾರ್ಚು ಬಿಟ್ಟು ನೋಡಿದೆ. ವಿಮಾನದ ಮೂಗಿನ ಕೆಳಗಿನ ಚಕ್ರದ ಹಿಂದೆ ಒಂದು ಕಡೆ ಬಣ್ಣ ಹೊಸದಾಗಿತ್ತು. ಬೇರೆಲ್ಲ ಕಡೆ ಬಿಸಿಲಿಗೆ ಹಳದಿ ತಿರುಗಿದ್ದ ಬಿಳುಪು. ಅಲ್ಲಿ ಮಾತ್ರ ಹಾಲಿನಂಥ ಬಿಳುಪು.

"ಇಲ್ಲಿ ತಗಡು ಬದಲಾಯಿಸಿದ್ದಾರೆ ಮೇಡಂ. ಕೆಲ್ಸ ಅಚ್ಚುಕಟ್ಟಾಗಿದೆ, ದಾಖಲೆಯಲ್ಲೂ ಇದೆ," ಎಂದರು ಇಂಜಿನಿಯರ್.

"ಯಾಕೆ ಬದಲಾಯಿಸಿದ್ದು?"

ಮಾಲೀಕರು ತಟ್ಟನೆ ನಡುವೆ ಬಂದರು. "ತಳ್ಳೋ ಗಾಡಿ ತಗುಲಿತ್ತಂಡಿ, ಹ್ಯಾಂಗರಲ್ಲೇ."

ಆಮೇಲೆ ಅವರಿಬ್ಬರೂ ತೆಲುಗಿನಲ್ಲಿ ಏನೋ ಹೇಳಿಕೊಂಡು ನಕ್ಕರು. ಮುಳಬಾಗಿಲಿನಲ್ಲಿ ಇಷ್ಟು ವರ್ಷ ಇದ್ದವಳಿಗೆ ತೆಲುಗು ಚೆನ್ನಾಗಿಯೇ ಅರ್ಥವಾಗುತ್ತದೆ. ಊಟದ ಮಾತು, ಅಷ್ಟೇ. ಆದರೂ ಇವರಿಬ್ಬರು ಮೊದಲೇ ಪರಿಚಯದವರಿರಬೇಕು ಎಂದುಕೊಂಡು ಇನ್ನೊಬ್ಬ ಇಂಜಿನಿಯರನ್ನು ದೂರದ ಊರಿನಿಂದ ಕರೆಸಿದೆ. ಅವರಿಗೆ ತೆಲುಗಿನ ಒಂದಕ್ಷರ ಬರುತ್ತಿರಲಿಲ್ಲ. ಅವರು ಹೇಳಿದ್ದೂ ಅದೇ: ರಿಪೇರಿ ಸರಿಯಾಗಿದೆ, ವಿಮಾನ ಗಟ್ಟಿಯಾಗಿದೆ, ತೆಗೆದುಕೊಳ್ಳಬಹುದು.

ತೆಗೆದುಕೊಂಡೆ. ನನ್ನ ಗಂಡ ಕೋಲಾರದಲ್ಲಿ ಕಾಲೇಜು ಮೇಷ್ಟ್ರು. ಅವರು ಇಡೀ ವ್ಯವಹಾರದಲ್ಲಿ ಆಡಿದ್ದು ಒಂದೇ ಮಾತು: "ಕಾರು ಕೆಟ್ರೆ ಪಕ್ಕಕ್ಕೆ ನಿಲ್ಲಿಸ್ಬಹುದು. ಇದನ್ನ ಎಲ್ಲಿ ನಿಲ್ಲಿಸ್ತೀಯ?"

ವಿಮಾನ ನನ್ನ ಹೆಸರಿಗೆ ವರ್ಗವಾಗುವುದಕ್ಕೆ ತಿಂಗಳುಗಳೇ ಹಿಡಿದವು. ಅಲ್ಲಿಯವರೆಗೆ ಹಾರಿಸುವ ಹಾಗಿರಲಿಲ್ಲ. ಹ್ಯಾಂಗರಿನಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಒಂದು ದಿನ ಅಲ್ಲಿನ ಕಾವಲುಗಾರ ಫೋನ್ ಮಾಡಿದ.

"ಮೇಡಂ, ಹಳೇ ಓನರ್ ಬಂದಿದ್ರು. ನಿಮ್ಗೆ ಹೇಳಿದೀನಿ ಅಂದ್ರು, ಒಳಗೆ ಬಿಟ್ಟೆ."

ನನಗೆ ಯಾರೂ ಏನೂ ಹೇಳಿರಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಅದೇ ಫೋನು. ಬಾನೆಟ್ ತೆಗೆಸಿ ನೋಡಿದರಂತೆ, ಕೆಳಗೆ ಮಲಗಿ ನೋಡಿದರಂತೆ. ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ಮಾಡುತ್ತಿದ್ದಾಗಲೂ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ಮಾರಿದ ವಸ್ತುವಿನ ಹತ್ತಿರ ಅವರಿಗೆ ಇನ್ನೇನು ಕೆಲಸ? ಒಳ್ಳೆಯ ಭಾಗ ಬಿಚ್ಚಿಕೊಂಡು ಹಳೆಯದನ್ನು ಕೂರಿಸುತ್ತಿದ್ದಾರೆಯೇ? ಒಳಗೆ ಏನನ್ನಾದರೂ ಬಚ್ಚಿಟ್ಟಿದ್ದಾರೆಯೇ? ಇನ್ನೊಮ್ಮೆ ಬಂದರೆ ಅವರನ್ನು ತಡೆಯಬೇಡ, ನನಗೆ ಫೋನ್ ಮಾಡು ಎಂದು ಕಾವಲುಗಾರನಿಗೆ ಹೇಳಿಟ್ಟೆ.

ಫೋನ್ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಆಗ ನಾನು ಮಾಲೂರಿನಲ್ಲಿ ಸಂಬಂಧಿಕರ ಗೃಹಪ್ರವೇಶದಲ್ಲಿದ್ದೆ. ರೇಷ್ಮೆ ಸೀರೆಯಲ್ಲೇ ಕಾರು ಹತ್ತಿದೆ. ಲಕ್ಕೂರಿನ ಹತ್ತಿರ ಫ್ಯಾಕ್ಟರಿ ಬಸ್ಸುಗಳು ಅಡ್ಡ ಬಂದಾಗಲೆಲ್ಲ ಹಾರ್ನ್ ಹೊಡೆದೆ. ಹ್ಯಾಂಗರ್ ತಲುಪಿದಾಗ ವಿಮಾನದ ಮೂಗಿನ ಕೆಳಗೆ ಎರಡು ಬಿಳಿ ಷೂ ಮಾತ್ರ ಕಾಣುತ್ತಿದ್ದವು.

"ಏನ್ ಮಾಡ್ತಿದ್ದೀರ ಸರ್?" ಎಂದೆ.

ಅವರು ನಿಧಾನವಾಗಿ ಹೊರಗೆ ಬಂದರು. ಅಂಗಿಯ ಬೆನ್ನೆಲ್ಲ ಧೂಳು. ಸಿಕ್ಕಿಬಿದ್ದವರ ಮುಖ ಅದಾಗಿರಲಿಲ್ಲ; ಅವರ ಮುಖದಲ್ಲಿ ಸಿಟ್ಟಿತ್ತು.

"ಆ ಪ್ರಶ್ನೆ ನಾನ್ ಕೇಳ್ಬೇಕಂಡಿ. ನೀವೇನ್ ಮಾಡ್ತಿದ್ದೀರ? ಇಷ್ಟ್ ದಿನ ಆಯ್ತು, ಒಂದ್ ಸಲ ಹಾರಿಸಿಲ್ಲ. ಬಿಚ್ಚಿ ಬಿಡಿಭಾಗ ಮಾರೋ ಬ್ರೋಕರ್‌ಗಳು ನಿಮ್ಮನ್ನ ಮುಂದೆ ಬಿಟ್ಟು ಕೊಂಡ್ಕೊಂಡಿದಾರೆ ಅಂತ ನನಗೆ ಗೊತ್ತಾಯ್ತು."

"ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಿಲ್ಲ. ನನಗೇ ಅನ್ನಿಸ್ತು. ಹಲ್ಲಿನ ಡಾಕ್ಟರಿಗೆ ವಿಮಾನ ಯಾಕೆ? ಯಾಕೆ ಮಾರ್ತೀರಿ ಅಂತ ಫೋನಲ್ಲೂ ಕೇಳಿದ್ರಿ, ಬಂದ ದಿನಾನೂ ಕೇಳಿದ್ರಿ. ಸಂದಿಗೊಂದಿಗೆಲ್ಲ ಕನ್ನಡಿ ಇಟ್ಟು ನೋಡಿದ್ರಿ. ಹಾರಿಸೋರು ಹಾಗೆ ನೋಡಲ್ಲಂಡಿ, ಬಿಚ್ಚೋರು ನೋಡ್ತಾರೆ. ಇಂಜಿನ್ ನಂಬರ್ ಇನ್ನೂ ಅದೇ ಇದೆಯಾ ಅಂತ ನೋಡ್ಕೊಂಡ್ ಹೋಗಕ್ಕೆ ಬರ್ತಿದ್ದೆ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ದಿನ ನಾನು ಅವರನ್ನು ಕಳ್ಳ ಎಂದುಕೊಂಡಿದ್ದೆ, ಅವರು ನನ್ನನ್ನು ಕಟುಕಿ ಎಂದುಕೊಂಡಿದ್ದರು. ವರ್ಗಾವಣೆ ತಡವಾದ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರು, ನಂಬಿದರೋ ಇಲ್ಲವೋ ತಿಳಿಯಲಿಲ್ಲ.

"ಈಗ ನೀವು ಹೇಳಿ," ಎಂದೆ. "ನಿಜವಾಗ್ಲೂ ಯಾಕೆ ಮಾರಿದ್ರಿ?"

ಅವರು ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡರು. "ಪೈಲಟ್ ಮೆಡಿಕಲ್ ಟೆಸ್ಟಲ್ಲಿ ಫೇಲ್ ಆದೆ. ಎಡಗಣ್ಣು. ಅದಕ್ಕೇ ಅವತ್ತು ನಿಮ್ ಜೊತೆ ಹತ್ತಲಿಲ್ಲ."

"ಅದನ್ನೇ ಹೇಳ್ಬಹುದಿತ್ತಲ್ಲ ಸರ್."

"ಹೇಳಿದ್ರೆ ಕೊಂಡ್ಕೊತಿದ್ರಾ? ಕಣ್ಣು ಕಾಣದೋನು ಎಷ್ಟ್ ಸಲ ನೆಲಕ್ಕೆ ಕುಕ್ಕಿರ್ತಾನೋ ಅಂತ ಅನುಮಾನ ಪಡ್ತಿದ್ರಿ."

"ಎಷ್ಟ್ ಸಲ ಕುಕ್ಕಿದ್ರಿ?"

ಅವರು ಹ್ಯಾಂಗರಿನ ಬಾಗಿಲ ಕಡೆ ನೋಡಿದರು. ಹೊರಗೆ ರನ್‌ವೇ ಮೇಲೆ ಬಿಸಿಲು ಏರುತ್ತಿತ್ತು. "ಒಂದ್ ಸಲ," ಎಂದರು. "ನೆಲ ಇನ್ನೂ ಕೆಳಗಿದೆ ಅಂದ್ಕೊಂಡೆ. ಇರಲಿಲ್ಲ."

ಅಂದರೆ ಹಾಲಿನಂಥ ಆ ಬಿಳುಪಿನ ಬಗ್ಗೆ ನನ್ನ ಅನುಮಾನ ಸರಿಯಾಗಿತ್ತು. ಆದರೂ ನನಗೆ ಗೆದ್ದ ಹಾಗೇನೂ ಅನ್ನಿಸಲಿಲ್ಲ. ಸಿಟ್ಟಂತೂ ಬಂತು. ಇಬ್ಬರು ಇಂಜಿನಿಯರುಗಳೂ ರಿಪೇರಿ ಗಟ್ಟಿಯಾಗಿದೆ ಎಂದಿದ್ದರು ನಿಜ, ಆದರೆ ಅವರಿಗೂ ತಳ್ಳುಗಾಡಿಯ ಕಥೆಯನ್ನೇ ಹೇಳಲಾಗಿತ್ತು. ಎರಡನೆಯವರನ್ನು ಮತ್ತೆ ಕರೆಸಿ, ನಡೆದದ್ದು ಹೇಳಿ, ಚಕ್ರದಿಂದ ಇಂಜಿನ್ನಿನವರೆಗೆ ಎಲ್ಲ ಬಿಚ್ಚಿ ನೋಡಿಸಿದೆ. ಒಂದು ಕೂದಲೆಳೆಯಷ್ಟು ಬಿರುಕೂ ಸಿಗಲಿಲ್ಲ. ಆಮೇಲೆಯೇ ನನಗೆ ನಿದ್ದೆ ಹತ್ತಿದ್ದು.

ವರ್ಗಾವಣೆಯಾಗಿ ಹಾರಲು ಅನುಮತಿ ಬಂದ ಮೇಲೆ ನಾನೇ ಅವರಿಗೆ ಫೋನ್ ಮಾಡಿ ಬನ್ನಿ ಎಂದೆ. ಯಾಕೆ ಕರೆಯುತ್ತಿದ್ದೀರಿ ಎಂದು ಎರಡು ಸಲ ಕೇಳಿ, ಬಂದರು. ಬಲಗಡೆಯ ಸೀಟಿನಲ್ಲಿ ಕೂತು ಎರಡು ಕೈಗಳನ್ನೂ ಮಂಡಿಯ ಮೇಲಿಟ್ಟುಕೊಂಡರು. ಮಾಲೂರಿನ ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಕೆಳಗೆ ಸರಿದವು. ಕೋಲಾರದ ಬೆಟ್ಟ ಎದುರಿಗೆ ಬಂತು. ಅವರು ಹೊರಗೆ ನೋಡುತ್ತಲೇ ಇರಲಿಲ್ಲ.

"ನನ್ನ ಮೇಲೆ ನಂಬಿಕೆ ಇಲ್ವಾ ಸರ್?"

"ನಿಮ್ ಮೇಲೆ ಇದೆಯಂಡಿ. ಆ ಎಣ್ಣೆ ಪ್ರೆಶರಿನ ಮುಳ್ಳಿನ ಮೇಲೆ ಇಲ್ಲ."

"ಸ್ವಲ್ಪ ಹೊತ್ತು ಕಂಟ್ರೋಲ್ ನೀವು ಹಿಡೀತೀರಾ?"

"ಬೇಡ. ನಾನ್ ಹಿಡಿದ್ರೆ ನೀವು ನನ್ ಕೈ ನೋಡ್ತೀರಿ, ಹೊರಗೆ ನೋಡಲ್ಲ."

ಹೇಳಿದ್ದು ಸರಿಯಾಗಿಯೇ ಇತ್ತು. ವಕ್ಕಲೇರಿಯ ಮೇಲೆ ಬಂದಾಗ ಅಪ್ಪನ ಹುಳುಮನೆಯ ತಗಡಿನ ಮಾಡು ಹೊಳೆಯಿತು. ಅಪ್ಪನಿಗೆ ಕಾಣಲಿ ಎಂದು ಎರಡು ಸುತ್ತು ಹಾಕಿದೆ. ಅಲ್ಲಿಂದ ಶ್ರೀನಿವಾಸಪುರದ ಮಾವಿನ ತೋಪುಗಳು, ಆಮೇಲೆ ಮುಳಬಾಗಿಲಿನ ಬಂಡೆ ಬೆಟ್ಟ. ವಾಪಸ್ ಬಂದು ಇಳಿಯುವಾಗ ಅವರು ಉಸಿರು ಹಿಡಿದು ಕೂತಿದ್ದರು. ಚಕ್ರ ನೆಲ ಮುಟ್ಟಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಪರವಾಗಿಲ್ಲ," ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಪ್ಪನ ಫೋನು. ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು.

"ನಿನ್ನೆ ಬಂದಿದ್ದು ನೀನೇನಾ?"

"ನಾನೇ ಅಪ್ಪ. ಕಾಣಿಸ್ತಾ?"

"ಕಾಣಿಸ್ದೆ ಏನು! ಡೇರಿ ಹತ್ರ ಊರೇ ಸೇರೈತೆ. ಜಮೀನು ಸರ್ವೆ ಮಾಡಕ್ಕೆ ವಿಮಾನ ಬಂದಿತ್ತು, ಫ್ಯಾಕ್ಟರಿಗೆ ಹಿಡೀತಾರೆ ಅಂತವ್ರೆ."

"ಮಗಳದು ಅಂತ ಹೇಳ್ಬೇಕಿತ್ತು."

"ಸೈಟ್ ಮಾರಿ ವಿಮಾನ ತಗೊಂಡ್ಳು ಅಂತ ಹೇಳ್ಲಾ? ಊರಲ್ಲಿ ಯಾರಿಗೂ ಹೇಳಿಲ್ಲ ಕಣಮ್ಮ ನಾನು. ಎಲ್ರೂ ಸರ್ವೆ ಅಂದ್ರು, ನಾನೂ ಇರ್ಬೌದು ಅಂದ್ಬಿಟ್ಟೆ."

ತಾಲ್ಲೂಕು ಆಫೀಸಿಗೆ ಹೋಗೋಣ ಎಂದು ಊರಿನವರು ಟೆಂಪೋ ಗೊತ್ತು ಮಾಡಿದ ಮೇಲೆ ಅಪ್ಪ ಬಾಯಿಬಿಟ್ಟರು. ಆಗ ವಿಷಯ ಇನ್ನೂ ಕೆಟ್ಟಿತು. ಪಕ್ಕದ ಹೊಲದ ಹಿರಿಯರೊಬ್ಬರು ನನ್ನ ಕ್ಲಿನಿಕ್ಕಿಗೇ ಬಂದರು. ನೆಂಟರಲ್ಲ, ಆದರೂ ಚಿಕ್ಕಂದಿನಿಂದ ಅವರನ್ನು ನಾನು ದೊಡ್ಡಪ್ಪ ಎಂದೇ ಕರೆಯುವುದು. ಕಾಯುತ್ತಿದ್ದ ರೋಗಿಗಳ ಎದುರೇ ಕೇಳಿದರು.

"ಸುಳ್ಳು ಹೇಳ್ಬೇಡ ಕಣಮ್ಮ. ಯಾವ ಕಂಪ್ನಿಗೆ ನಮ್ ಹೊಲ ಫೋಟೋ ತೆಗ್ದುಕೊಟ್ಟೆ?"

ಖುಷಿಗೆ ಹಾರಿಸುವುದು ಎಂದೆ. ಖುಷಿಗೆ ಯಾರಾದರೂ ಅಷ್ಟು ಪೆಟ್ರೋಲು ಸುಡುತ್ತಾರೆಯೇ ಎಂದರು. ಮೊಬೈಲಿನಲ್ಲಿ ವಿಮಾನದ ಪಕ್ಕ ನಿಂತ ನನ್ನ ಫೋಟೋ ತೋರಿಸಿದೆ. "ಈಗಿನ ಕಾಲ್ದಲ್ಲಿ ಫೋಟೋನ ಹೆಂಗ್ ಬೇಕಾದ್ರೂ ಮಾಡ್ತಾರೆ," ಎಂದು ತಿರುಗಿಸಿ ಕೊಟ್ಟರು. ಕೊನೆಗೆ ಭಾನುವಾರ ಅವರನ್ನೂ ಅಪ್ಪನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹ್ಯಾಂಗರಿಗೆ ಹೋದೆ. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ವಿಮಾನದ ಹೊಟ್ಟೆಯ ಕೆಳಗೆ ನುಗ್ಗಿ, ಕ್ಯಾಮರಾ ಎಲ್ಲಿದೆ ಎಂದು ತಡವಿ ತಡವಿ ನೋಡಿದರು. ಏನೂ ಸಿಗಲಿಲ್ಲ. "ಬಿಚ್ಚಿಟ್ಟಿರ್ಬೇಕು," ಎಂದು ಅಪ್ಪನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಕೂರಿಸಿಕೊಂಡು ಒಂದು ಸುತ್ತು ಹಾಕಲೇ ಎಂದರೆ ಬೇಡ ಎಂದರು. ಇನ್ನು ನಮ್ಮ ಊರಿನ ಮೇಲೆ ಬರಬೇಡ ಎಂದರು. ಒಪ್ಪಿಕೊಂಡೆ.

ಕೆಲವು ತಿಂಗಳ ಮೇಲೆ ಸರ್ವೆಯವರು ನಿಜವಾಗಿಯೇ ಬಂದರು, ವಿಮಾನದಲ್ಲಲ್ಲ, ಜೀಪಿನಲ್ಲಿ. ಯಾವುದೋ ರಸ್ತೆಗೆಂದು ಗುರುತಿನ ಕಲ್ಲು ನೆಡಲು ಶುರುಮಾಡಿದರು. ಅವತ್ತೇ ದೊಡ್ಡಪ್ಪ ಫೋನ್ ಮಾಡಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಬೈಯಲಿಲ್ಲ.

"ಮೇಲಿಂದ ನೋಡ್ದೋಳು ನೀನು. ಆ ಗೆರೆ ನನ್ ಹೊಲಕ್ಕೆ ಬರುತ್ತಾಮ್ಮ?"

"ಮೇಲಿಂದ ಗೆರೆ ಎಲ್ಲಿ ಕಾಣುತ್ತೆ ದೊಡ್ಡಪ್ಪ? ಯಾರ ಹೊಲ ಯಾವುದು ಅಂತಲೂ ಗೊತ್ತಾಗಲ್ಲ."

"ನಿಮ್ಮಪ್ಪನ ಹುಳುಮನೆ ಮಾತ್ರ ಗೊತ್ತಾಯ್ತಾ?"

ಕಲ್ಲುಗಳು ಕೊನೆಗೆ ಕೆರೆಯ ಆಚೆ ಬದಿಗೆ, ನಮ್ಮ ಊರಿನ ಯಾರ ಹೊಲಕ್ಕೂ ತಾಗದಂತೆ ಹೋದವು. ಅದಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಈಗ ಡೇರಿಯಲ್ಲಿ ಬೇರೆಯೇ ಮಾತು: ವಿಮಾನದೋಳು ಮೇಲಿನವರಿಗೆ ಹೇಳಿ ರಸ್ತೆ ಆ ಕಡೆ ತಿರುಗಿಸಿದಳಂತೆ. ದೊಡ್ಡಪ್ಪ ಹಬ್ಬಕ್ಕೆ ಒಂದು ಮೂಟೆ ಟೊಮೆಟೊ ಕಳಿಸಿದರು. ಬೇಡ, ನಾನೇನೂ ಮಾಡಿಲ್ಲ ಎಂದು ಎಷ್ಟು ಹೇಳಿದರೂ ತಂದವರು ನನ್ನ ಮುಖ ನೋಡಿ, ಗೊತ್ತು ಬಿಡಿ ಎನ್ನುವ ಹಾಗೆ ತಲೆಯಾಡಿಸಿ ಹೋದರು. ಅಪ್ಪನನ್ನು ಕೇಳಿದರೆ, "ನಾನೇನೂ ಹೇಳಿಲ್ಲಮ್ಮ," ಎಂದರು. ಆ ಮಾತನ್ನು ನಾನು ಪೂರ್ತಿ ನಂಬಿಲ್ಲ.