ವರ್ಷ ದಾಟದ ಕಂಪ್ಯೂಟರು

ಅತ್ತೆಗೆ ಮದುವೆಯಾಗಿಲ್ಲ. ಸೊಸೆಯೂ ಇಲ್ಲ, ಅಳಿಯನೂ ಇಲ್ಲ. ಆದರೂ ಪ್ರೆಸ್ಸಿನಲ್ಲಿ ಎಲ್ಲರಿಗೂ ಅವರು ಅತ್ತೆಯೇ. ತಮ್ಮನ ಮಗಳು ಪುಟ್ಟವಳಿದ್ದಾಗ ಒಮ್ಮೆ ಅಲ್ಲಿಗೆ ಬಂದು, ಕಾಗದದ ರಾಶಿಗಳ ನಡುವೆ ದಾರಿ ತಪ್ಪಿ, "ಅತ್ತೇ!" ಎಂದು ಸೂರು ಹಾರಿಹೋಗುವಂತೆ ಕೂಗಿದ್ದಳು. ಅಂದಿನಿಂದ ಆ ಹೆಸರು ಅಂಟಿಕೊಂಡಿತು. ವಯಸ್ಸಿನಲ್ಲಿ ಹಿರಿಯರಾದ ಯಜಮಾನರೂ "ಏನತ್ತೆ, ಮೆಷಿನ್ ಏನಂತೆ?" ಎಂದೇ ಕೇಳುತ್ತಾರೆ.

ಅದು ಬ್ರೈಲ್ ಪ್ರೆಸ್ಸು. ಕಣ್ಣು ಕಾಣದವರು ಬೆರಳಿನಿಂದ ಓದುವ ಪುಸ್ತಕಗಳು ಅಲ್ಲಿ ತಯಾರಾಗುತ್ತವೆ. ಅತ್ತೆ ಸೇರಿದ್ದು ಹಾಳೆ ಜೋಡಿಸಿ ಹೊಲಿಯುವ ಕೆಲಸಕ್ಕೆ. ಕೈ ಹೊಲಿಗೆಯ ಮೇಲಿದ್ದರೂ ಕಣ್ಣು ಮಾತ್ರ ಮೆಷಿನ್ನಿನ ಮೇಲೇ ಇರುತ್ತಿತ್ತು. ಅದನ್ನು ನಡೆಸುತ್ತಿದ್ದವರು ನಿವೃತ್ತರಾದಾಗ "ಹೊಸಬರು ಸಿಗೋವರೆಗೂ ನಾನು ನೋಡ್ಕೋತೀನಿ" ಎಂದು ಆ ಕುರ್ಚಿಯಲ್ಲಿ ಕೂತವರು ಇಂದಿಗೂ ಎದ್ದಿಲ್ಲ. ಹೊಸಬರನ್ನು ಯಾರೂ ಹುಡುಕಲೂ ಇಲ್ಲ.

ದಪ್ಪ ಕಾಗದದ ಮೇಲೆ ಧಡಧಡ ಚುಕ್ಕಿ ಒತ್ತುವ ಆ ಮೆಷಿನ್ನಿಗೆ ವಯಸ್ಸಾಗಿದೆ. ಅದನ್ನು ನಡೆಸುವ ಕಂಪ್ಯೂಟರು ಅದಕ್ಕಿಂತ ಮುದಿ. ಅದರಲ್ಲಿರುವ ಹಳೇ ಆಪರೇಟಿಂಗ್ ಸಿಸ್ಟಮ್ ತೆಗೆದು ಹೊಸದು ಹಾಕಿದರೆ ಮೆಷಿನ್ನಿನ ಗುರುತೇ ಹತ್ತುವುದಿಲ್ಲ. ಸಾಲದ್ದಕ್ಕೆ ಇನ್ನೊಂದು ತಕರಾರು. ಮೆಷಿನ್ ನಡೆಸುವ ಪ್ರೋಗ್ರಾಮು ಬರೆದ ಪುಣ್ಯಾತ್ಮರು ಯಾವುದೋ ಒಂದು ವರ್ಷದ ಆಚೆಗೂ ಲೋಕ ಇರುತ್ತದೆಂದು ಎಣಿಸಿಯೇ ಇರಲಿಲ್ಲ. ಆ ವರ್ಷ ದಾಟಿದ ತಾರೀಖು ಕಂಡರೆ ಅದು ಜಪ್ಪಯ್ಯ ಅಂದರೂ ಏಳುವುದಿಲ್ಲ. ಹಾಗಾಗಿ ಪ್ರತಿ ಹೊಸ ವರ್ಷ ಅತ್ತೆ ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ತಳ್ಳಿ, ಅದೇ ಹಳೆಯ ವರ್ಷವನ್ನು ಮತ್ತೆ ಮೊದಲಿನಿಂದ ಶುರುಮಾಡಿಸುತ್ತಾರೆ. "ನಮಗೂ ಹೀಗೊಂದು ಗುಂಡಿ ಇದ್ದಿದ್ರೆ!" ಎಂದು ತಲೆಗೆ ಬಣ್ಣ ಹಚ್ಚುವ ಯಜಮಾನರು ನಿಟ್ಟುಸಿರು ಬಿಡುತ್ತಾರೆ.

ಹೀಗಿರುವಾಗ ಒಂದು ವರ್ಷ ತಮ್ಮನ ಮಗಳು ಮೇಲಿನ ತರಗತಿಗೆ ಬಂದಳು. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣದು. ಲೆಕ್ಕವೆಂದರೆ ಪ್ರಾಣ. ಆದರೆ ಗಣಿತದ ಚಿಹ್ನೆ, ರೇಖಾಚಿತ್ರಗಳಿರುವ ಬ್ರೈಲ್ ಪುಸ್ತಕವನ್ನು ಯಾರೂ ಮುದ್ರಿಸಿರಲಿಲ್ಲ. "ಪುಸ್ತಕವೇ ಇಲ್ಲದೆ ಗಣಿತ ಹೇಗೆ ಕೊಡೋದು? ಸಂಗೀತ ತಗೊಳ್ಳಲಿ" ಎಂದರು ಮುಖ್ಯೋಪಾಧ್ಯಾಯಿನಿ. ಅವಳು ಹಾಡಿದರೆ ಹೆತ್ತವರೇ ಎದ್ದು ಆಚೆ ಹೋಗುತ್ತಿದ್ದರು ಅನ್ನುವುದು ಅವರಿಗೆ ತಿಳಿಯದು. ಅತ್ತೆ ಹೋಗಿ ಕೇಳಿದ ಮೇಲೆ ಒಂದು ಗಡುವು ಸಿಕ್ಕಿತು. ವಿಷಯ ಆರಿಸುವ ಕೊನೆಯ ದಿನ, ಅಂದರೆ ಬರುವ ಸೋಮವಾರದೊಳಗೆ, ಒಂದು ಪಾಠವಾದರೂ ಮುದ್ರಿಸಿ ತಂದು ತೋರಿಸಬೇಕು.

ಗಣಿತವನ್ನು ಚುಕ್ಕಿಗೆ ಇಳಿಸುವ ಪ್ರೋಗ್ರಾಮನ್ನು ದೂರದ ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಚಿತ್ರದ ಚುಕ್ಕಿಗಳನ್ನು ಅದು ನೇರವಾಗಿ ಮೆಷಿನ್ನಿಗೇ ಕಳಿಸುವುದರಿಂದ ಆ ಮುದಿ ಕಂಪ್ಯೂಟರಿನಲ್ಲೇ ಓಡಬೇಕು. ಅದಕ್ಕೆ ಬೇಕಾದದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ. ಅಲ್ಲಿದ್ದದ್ದು ಓಬೀರಾಯನ ಕಾಲದ್ದು. ಅಷ್ಟು ಹಳೇ ಸಿಸ್ಟಮ್ಮಿಗೆ ಹೊಸದನ್ನು ಸಿದ್ಧಮಾಡಿ ಕೊಡುವವರು ಎಲ್ಲೂ ಇರಲಿಲ್ಲ. ಉಳಿದ ದಾರಿ ಒಂದೇ. ಆ ಭಾಷೆಯ ಮೂಲ ಬರಹವನ್ನು, ಅಂದರೆ ಸೋರ್ಸನ್ನೇ ತಂದು, ಆ ಕಂಪ್ಯೂಟರಿನೊಳಗೇ ಕಂಪೈಲ್ ಮಾಡಿ ಕಟ್ಟಿಕೊಳ್ಳಬೇಕು.

ಅತ್ತೆ ಸೆರಗು ಬಿಗಿದು ಕೂತರು. ಮೊದಲ ದಿನವೆಲ್ಲ ಕಂಪ್ಯೂಟರು ಹೊಸ ಅಳಿಯನ ಹಾಗೆ ಅದಿಲ್ಲ, ಇದಿಲ್ಲ ಎಂದು ಮುಖ ತಿರುಗಿಸಿತು. ಅದು ಕೇಳಿದ ಲೈಬ್ರರಿಗಳನ್ನೆಲ್ಲ, ಅಂದರೆ ಜೊತೆಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಮುಗಳನ್ನೆಲ್ಲ ಹುಡುಕಿ ತಂದು ಸಮಾಧಾನ ಮಾಡಿದರು. ಹಳೇ ಪೈಥಾನನ್ನು ಮಾತ್ರ ಮುಟ್ಟಲಿಲ್ಲ, ಸಿಸ್ಟಮ್ಮಿನ ಅರ್ಧ ಕೆಲಸ ಅದರ ಮೇಲೇ ನಿಂತಿತ್ತು. ಹೊಸದಕ್ಕೆ ಪಕ್ಕದಲ್ಲಿ ಬೇರೆ ಜಾಗ ಮಾಡಿಕೊಟ್ಟರು. ಮಾರನೆಯ ದಿನ ಕಂಪೈಲ್ ಹೊರಟಿತು. ಪರದೆಯ ಮೇಲೆ ಸಾಲುಗಳು ಸರಸರ ಓಡಿದವು. ಓಡಿ ಓಡಿ, ಇನ್ನೇನು ದಡ ಸೇರಿತು ಅನ್ನುವಷ್ಟರಲ್ಲಿ ಮತ್ತೆ ಮೊದಲಿಗೇ ಬಂದು ನಿಂತಿತು. ಇನ್ನೊಮ್ಮೆ ಶುರುಮಾಡಿದರು, ಅದೇ ಕಥೆ. ಎಲ್ಲ ಅಳಿಸಿ ಹೊಸದಾಗಿ ತಂದು ಮಾಡಿದರೂ ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ನಡುವೆ ಸಮಯದ ಬಗ್ಗೆ ಏನೋ ಎಚ್ಚರಿಕೆ ಹಾದುಹೋಗುತ್ತಿತ್ತು. ಎಚ್ಚರಿಕೆಗಳಿಗೆಲ್ಲ ಹೆದರಿದರೆ ಆ ಕಂಪ್ಯೂಟರನ್ನು ಚಾಲೂ ಮಾಡುವ ಹಾಗೂ ಇರಲಿಲ್ಲ, ಅತ್ತೆ ಗಮನ ಕೊಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರಿಗೆ ಕೈಚೆಲ್ಲುವಷ್ಟು ಬೇಸರವಾಗಿತ್ತು. "ಪೈಥಾನ್ ಅಂದ್ರೆ ಹೆಬ್ಬಾವಲ್ವಾ, ಅದು ಇನ್ನೂ ಒಳಗೆ ಹೋಗಿಲ್ವಾ?" ಎಂದು ಯಜಮಾನರು ಕೇಳಿದಾಗ ಅಳು ಬಂತು. ಅಷ್ಟರಲ್ಲಿ ಕಾಗದದ ಲಾರಿ ಬಂತು. ಹೊಸ ಚಾಲಕ ರಸೀದಿ ಬರೆಯಲು ನಿಂತವನು ಪರದೆಯ ಮೂಲೆಯನ್ನು ನೋಡಿ ತಾರೀಖು ಹಾಕಿದ. ಯಜಮಾನರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲಪ್ಪಾ, ಈ ತಾರೀಖಿಗೆ ನೀನು ತಂದಿರೋ ಕಾಗದ ಇನ್ನೂ ಮರವಾಗಿತ್ತು!"

ಅತ್ತೆಯೂ ನಕ್ಕರು. ನಗುತ್ತಿದ್ದವರು ತಟ್ಟನೆ ನಿಂತು ಹಣೆ ಚಚ್ಚಿಕೊಂಡರು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಸೋರ್ಸ್ ಫೈಲುಗಳು ಈಚಿನವು. ಈ ಕಂಪ್ಯೂಟರಿಗೆ ಇನ್ನೂ ಆ ಕಾಲ ಬಂದೇ ಇಲ್ಲ. ಈಗ ತಾನೇ ಕಟ್ಟಿದ್ದು ಸೋರ್ಸಿಗಿಂತ ಹಳೇದು ಅಂತ ಕಾಣುತ್ತೆ. ಹಳೇದಾಯ್ತು ಅಂತ ಮತ್ತೆ ಕಟ್ಟೋಕೆ ಹೋಗುತ್ತೆ. ಎಷ್ಟು ಕಟ್ಟಿದ್ರೂ ಅಷ್ಟೆ!"

ವರ್ಷವರ್ಷವೂ ತಾರೀಖನ್ನು ತಳ್ಳಿದ್ದು ತಮ್ಮ ಕೈಯೇ. ರೂಢಿಯಾಗಿ ಅದು ಸುಳ್ಳೆಂಬುದೇ ಮರೆತುಹೋಗಿತ್ತು.

ತಾರೀಖು ಸರಿಮಾಡುವುದು ಒಂದು ಕ್ಷಣದ ಕೆಲಸ. ಆದರೆ ಅತ್ತೆಯ ಕೈ ಮುಂದೆ ಹೋಗಲಿಲ್ಲ. "ಒಂದ್ಸಲ ಇವತ್ತಿನ ತಾರೀಖು ಕಂಡ್ರೆ ಮೆಷಿನ್ ಪ್ರೋಗ್ರಾಮು ಮತ್ತೆ ಏಳದೇ ಇರಬಹುದು. ಈವರೆಗೆ ಯಾರೂ ಮಾಡಿ ನೋಡಿಲ್ಲ" ಎಂದು ಯಜಮಾನರಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಯಜಮಾನರ ನಗು ನಿಂತಿತು. ಆ ಮೆಷಿನ್ ಇಲ್ಲದಿದ್ದರೆ ಪ್ರೆಸ್ಸೇ ಇಲ್ಲ.

"ಆ ಹುಡುಗಿಗೆ ಲೆಕ್ಕ ನಿಜವಾಗ್ಲೂ ಬರುತ್ತಾ ಅತ್ತೆ?"

"ದಿನಾ ಸಂಜೆ ನಾನೇ ಓದಿ ಹೇಳೋದು. ನಾನು ಓದಿ ಮುಗಿಸೋ ಮೊದ್ಲೇ ಉತ್ತರ ಹೇಳ್ತಾಳೆ."

ಯಜಮಾನರು ಬಾಗಿಲವರೆಗೆ ಹೋದರು, ತಿರುಗಿ ಬಂದರು. "ಮಾಡಿ. ಆಗಿದ್ದಾಗಲಿ. ನಾನು ಮಾತ್ರ ಇಲ್ಲಿ ನಿಂತು ನೋಡಲಾರೆ" ಎಂದು ಆಚೆ ಹೋಗಿಬಿಟ್ಟರು.

ಅತ್ತೆ ಕಂಪ್ಯೂಟರನ್ನು ಈ ಕಾಲಕ್ಕೆ ಕರೆತಂದರು. ಕಂಪೈಲ್ ಹೊರಟಿತು, ಈ ಬಾರಿ ತಿರುಗಿ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಸ ಪೈಥಾನ್ ತನ್ನ ಜಾಗದಲ್ಲಿ ಕೂತಿತ್ತು. ತಾರೀಖನ್ನು ಮತ್ತೆ ಹಿಂದಕ್ಕೆ ತಳ್ಳಿ, ಮೆಷಿನ್ ಪ್ರೋಗ್ರಾಮನ್ನು ಎಬ್ಬಿಸಿದರು. ಅದು ಎದ್ದಿತು. ಗಣಿತದ ಪಾಠ ಕಳಿಸಿದ್ದೇ ತಡ, ಧಡಧಡ ಶುರುವಾಯಿತು. ಸದ್ದು ಕೇಳಿ ಯಜಮಾನರು ಚಪ್ಪಲಿಯನ್ನೂ ಮರೆತು ಒಳಗೆ ಓಡಿಬಂದರು.

ಸೋಮವಾರ ಮುಖ್ಯೋಪಾಧ್ಯಾಯಿನಿ ಹಾಳೆಗಳ ಮೇಲೆ ಕೈಯಾಡಿಸಿದರು. "ನನಗೆ ಓದೋಕೆ ಬರಲ್ಲ, ನೀನೇ ಓದಮ್ಮ" ಎಂದು ಹುಡುಗಿಯ ಮುಂದಿಟ್ಟರು. ಅವಳು ಅರ್ಧ ಪುಟ ಓದುವಷ್ಟರಲ್ಲಿ ಅರ್ಜಿಯಲ್ಲಿ ಸಂಗೀತ ಹೊಡೆದುಹಾಕಿ ಗಣಿತ ಎಂದು ಬರೆದು ಸಹಿ ಹಾಕಿದರು.

ಅಂದು ಸಂಜೆ ಹುಡುಗಿ ಆ ಪಾಠ ಹಿಡಿದು ಬಾಗಿಲು ಹಾಕಿಕೊಂಡು ಕೂತಳು. ಅಡುಗೆಮನೆಯಲ್ಲಿದ್ದ ಅತ್ತೆಗೆ ಒಮ್ಮೆಲೇ ಕೂಗು ಕೇಳಿಸಿತು.

"ಅತ್ತೇ! ಏಳನೇ ಲೆಕ್ಕದ ಉತ್ತರ ತಪ್ಪಿದೆ!"

ಅತ್ತೆ ಸೌಟು ಬಿಟ್ಟು ಓಡಿಬಂದರು. ಎಲ್ಲಿ ಚುಕ್ಕಿ ಹೆಚ್ಚುಕಡಿಮೆಯಾಯಿತೋ? ಹಾಗಾದರೆ ಇಡೀ ಪಾಠವೇ ದಂಡ. ಕಣ್ಣಿನಿಂದ ಓದುವ ಅಚ್ಚಿನ ಪುಸ್ತಕ ತಂದು, ಹುಡುಗಿಯ ಬೆರಳ ಪಕ್ಕದಲ್ಲೇ ಇಟ್ಟುಕೊಂಡು, ಒಂದೊಂದೇ ಅಂಕಿ ಹೋಲಿಸಿದರು. ಅವಳು ಓದಿದ್ದೂ ಅಲ್ಲಿದ್ದದ್ದೂ ಒಂದೇ.

"ನಮ್ಮದು ಸರಿಯಾಗಿದೆ ಕಣೇ. ಪುಸ್ತಕದಲ್ಲೇ ಹಾಗಿದೆ."

"ಹಾಗಾದ್ರೆ ಎಲ್ಲರ ಪುಸ್ತಕದಲ್ಲೂ ತಪ್ಪಿದೆ" ಎಂದಳು ಹುಡುಗಿ. "ನಾಳೆ ತರಗತಿಯಲ್ಲಿ ನಾನೇ ಹೇಳ್ತೀನಿ."

ಅತ್ತೆ ನಗುತ್ತ ಅಚ್ಚಿನ ಪುಸ್ತಕ ಮುಚ್ಚಿದರು. ಹುಡುಗಿ ಆಗಲೇ ಎಂಟನೆಯ ಲೆಕ್ಕದ ಮೇಲೆ ಬೆರಳಿಟ್ಟಿದ್ದಳು.