ರತ್ನಾಕರ ಮಾವನ ಹಸಿರು ಬಾಟಲಿ

ಮಧ್ಯಪ್ರದೇಶದ ಪೀತಮ್‌ಪುರದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ನನ್ನ ಸೊಂಟ ಬಿದ್ದುಹೋಗಿದೆ. ಆದರೆ ಇಪ್ಪತ್ತೆಂಟು ವರ್ಷದಿಂದ ಒಳಗೆ ಕೊಪ್ಪರಿಗೆಯ ಮುಂದೆ ನಿಂತೇ ಇರುವ ರತ್ನಾಕರ ಮಾವನ ಕಾಲು ನೋಡಿದರೆ ನನ್ನ ನೋವು ಏನೂ ಅಲ್ಲ. ಅವರು ಅಮ್ಮನ ತಮ್ಮ, ನಮ್ಮ ಮುಖ್ಯ ಅಡುಗೆಯವರು.

ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಮಾವ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಹಸಿರು ಬಾಟಲಿಯಿಂದ ಎರಡೇ ಎರಡು ಸಲ ಸೆಂಟು ಹೊಡೆದುಕೊಳ್ಳುತ್ತಿದ್ದರು. ಹಳೇ ಕಾಲದ ಗಂಡಸರ ಸೆಂಟು. ಈಗಿನವರದ್ದು ಮಿಠಾಯಿ ಅಂಗಡಿಯಂತೆ ಸಿಹಿ, ಇದು ಹಾಗಲ್ಲ. ಮೊದಲು ಕೆನ್ನೆಗೆ ಬಾರಿಸಿದಂಥ ಖಾರ, ಆಮೇಲೆ ಚರ್ಮದ ಚೀಲ, ಹೊಗೆಸೊಪ್ಪು, ಸಂಜೆಗೆ ಒದ್ದೆ ಮರದ ತೊಗಟೆ. ಮಾವ ಬರುವ ಮೊದಲೇ ಅವರ ಸೆಂಟು ಬಂದು ಕುರ್ಚಿ ಹಿಡಿಯುತ್ತದೆ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು.

"ಇಡೀ ದಿನ ಸಾಂಬಾರಿನ ವಾಸನೆ ಹೊತ್ತವನು ಎರಡು ಗಂಟೆಯಾದರೂ ಗಂಡಸಾಗಿ ಇರಬೇಡವಾ ಮಾರಾಯ?" ಎನ್ನುತ್ತಿದ್ದರು. ಮರುದಿನ ಒಗೆಯಲು ತೆಗೆದ ಅಂಗಿಯ ಕಾಲರಿನಲ್ಲಿ ಉಳಿದ ಸೆಂಟು ಚೆನ್ನಾಗಿರುತ್ತದೆ ಎಂದು ಹರಿಣಾಕ್ಷಿ ಅತ್ತೆ ಒಮ್ಮೆ ಒಪ್ಪಿಕೊಂಡಿದ್ದರು, ಅದೂ ಗಂಡ ಎದುರಿಗಿಲ್ಲದಾಗ.

ಈ ಚಳಿಗಾಲದಲ್ಲಿ ಮಾವ ಒಂದು ವಾರ ಜ್ವರದಲ್ಲಿ ಮಲಗಿದರು. ಎದ್ದವರು ಹೊಸ ರಾಗ ತೆಗೆದರು: "ಸೆಂಟಿಗೆ ನೀರು ಬೆರೆಸಿದ್ದಾರೆ. ಪರಿಮಳವೇ ಇಲ್ಲ." ಅಂಗಡಿಗೆ ಹೋಗಿ "ಭಯ್ಯಾ, ಯೇ ನಕಲಿ ಹೈ" ಎಂದು ಜಗಳಾಡಿ ಬೇರೆ ಬಾಟಲಿ ತಂದರು. ಹೊಡೆದುಕೊಳ್ಳುವುದು ಎರಡು ಸಲ ಹೋಗಿ ಆರಾಯಿತು, ಎಂಟಾಯಿತು. ಒಬ್ಬ ಗಿರಾಕಿ ಕೆಮ್ಮುತ್ತ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ನನಗೆ ಸಿಟ್ಟು ನೆತ್ತಿಗೇರಿತು.

"ಮಾವ, ಸೆಂಟು ಹೊಡೆದದ್ದಾ, ಸೆಂಟಿನಲ್ಲೇ ಸ್ನಾನ ಮಾಡಿದ್ದಾ?" ಎಂದು ಎಲ್ಲರೆದುರೇ ಕೇಳಿಬಿಟ್ಟೆ. ಅವರು ತಲೆ ತಗ್ಗಿಸಿ ಒಳಗೆ ಹೋದರು.

ನಮ್ಮ ಅಡುಗೆಕೋಣೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಉಂಟು. ದೇವರ ಪಟದ ಮುಂದೆ ನೈವೇದ್ಯ ಆಗುವ ತನಕ ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಕೈಯಳತೆಗೆ, ಉಳಿದದ್ದೆಲ್ಲ ಮೂಗಿಗೆ. ಮಾವ ಆವಿಗೆ ಮುಖವೊಡ್ಡಿ "ಸಾಕು" ಎಂದರೆ ಮುಗಿಯಿತು. ಕಳೆದ ಮಂಗಳವಾರ, ಗಲ್ಲಾದಲ್ಲಿ ಕೂತ ನನಗೇ ತಳ ಹಿಡಿದ ಬೇಳೆಯ ವಾಸನೆ ಬಡಿಯಿತು. ಒಳಗೆ ಓಡಿದೆ. ಮಾವ ಅದೇ ಕೊಪ್ಪರಿಗೆಯ ಮೇಲೆ ಬಾಗಿ, ನಿಧಾನಕ್ಕೆ ಉಸಿರೆಳೆದು, "ಸಾಕು" ಎಂದರು.

ನಾನು ಒಲೆ ಆರಿಸಿದೆ. "ಯಾವಾಗಿನಿಂದ ಮಾವ?"

"ಜ್ವರ ಬಿಟ್ಟಾಗಿನಿಂದ. ಮೊದಲು ಸೆಂಟೇ ಸರಿ ಇಲ್ಲ ಅಂದುಕೊಂಡೆ. ಈಗ ದಿನಾ ಹೊಡೆದು ನೋಡ್ತೇನೆ ಲತೇಶ. ಅಷ್ಟು ಜೋರಿನದ್ದೇ ಮೂಗಿಗೆ ಬರದಿದ್ದರೆ ಇಂಗು ಎಲ್ಲಿಂದ ಬರ್ತದೆ? ಡಾಕ್ಟರು ಕಾಯಿರಿ ಅಂತಾರೆ. ಮೂಗಿಲ್ಲದ ಅಡುಗೆಯವ ಯಾರಿಗೆ ಬೇಕು?"

ನಾನು ಆಡಿದ ಮಾತು ನೆನಪಾಗಿ ನಾಚಿಕೆಯಾಯಿತು. "ನಾಲಿಗೆಗಾದರೂ ಹಾಕಿ ನೋಡಿ," ಎಂದೆ.

"ದೇವರಿಗೆ ಎಂಜಲು ಬಡಿಸಲಾ?" ಎಂದು ಸೌಟು ಕೆಳಗಿಟ್ಟರು.

ಈಗ ದಿನಾ ಹತ್ತೂವರೆಗೆ ನಾನು ಗಲ್ಲಾ ಬಿಟ್ಟು ಒಳಗೆ ಹೋಗುತ್ತೇನೆ. ಕೊಪ್ಪರಿಗೆಗೆ ಮೂಗೊಡ್ಡಿ "ಇಂಗು ಕಡಿಮೆ" ಎನ್ನುತ್ತೇನೆ. ಮಾವ ನಂಬಿ ಹಾಕುತ್ತಾರೆ. ನನ್ನ ಮೂಗಿನ ಮೇಲೆ ನನಗೇ ಅಷ್ಟು ನಂಬಿಕೆಯಿಲ್ಲ.

ಮಧ್ಯಾಹ್ನ ಮಾವ ಸ್ನಾನ ಮುಗಿಸಿ ಬಾಟಲಿಯನ್ನು ನನ್ನ ಕೈಗೇ ಕೊಡುತ್ತಾರೆ. ನಾನು ಎರಡೇ ಸಲ ಹೊಡೆಯುತ್ತೇನೆ. ಅವರು ಮಣಿಕಟ್ಟನ್ನು ಮೂಗಿಗೆ ಒತ್ತಿಕೊಂಡು ಬಹಳ ಹೊತ್ತು ನಿಲ್ಲುತ್ತಾರೆ.

"ಬಂತಾ ಮಾವ?"

"ಇವತ್ತಿಲ್ಲ." ಕೈಯನ್ನು ನನ್ನ ಮುಂದೆ ಚಾಚುತ್ತಾರೆ. "ನಿನಗೆ ಬರ್ತದಲ್ಲ. ಖಾರ ಇಳಿದು ಹೊಗೆಸೊಪ್ಪಿಗೆ ಬಂತಾ ನೋಡು."

"ಬಂತು ಮಾವ."

"ಸಾಕು," ಎನ್ನುತ್ತಾರೆ.