ಬಚ್ಚಲ ಮೂಲೆಯ ಗ್ಯಾಸು

ಬಹರೈನಿನಲ್ಲಿ ನನ್ನ ಕೆಲಸ, ಮುಚ್ಚಿದ ಒಂದು ಕಸದ ಗುಂಡಿಯ ಗ್ಯಾಸನ್ನು ಹಿಡಿತದಲ್ಲಿಡುವುದು. ಕಸ ಕೊಳೆತು ಹುಟ್ಟುವ ಗ್ಯಾಸು ನೆಲದಡಿಯಿಂದ ಮನೆಗಳತ್ತ ನುಗ್ಗದಂತೆ ಪೈಪುಗಳಲ್ಲಿ ಎಳೆದು ಸುಡುತ್ತೇವೆ. ಎಳೆಯುವ ಯಂತ್ರ ಇದ್ದದ್ದು ಒಂದೇ. ಒಂದು ಬೇಸಿಗೆ ಅದು ಕೆಟ್ಟಿತು. ಟುಬ್ಲಿಯ ವರ್ಕ್‌ಶಾಪಿನವರು ಬಿಚ್ಚಿ ನೋಡಿ, ಬಿಡಿಭಾಗ ಹೊರದೇಶದಿಂದಲೇ ಬರಬೇಕು ಎಂದರು.

ಗುಂಡಿಯ ಗೋಡೆಗೆ ತಾಗಿದ ಮನೆಗಳ ಸಾಲಿನಲ್ಲಿ ಉಡುಪಿ ಕಡೆಯ ನರ್ಸೊಬ್ಬರು ಗಂಡ, ಅತ್ತೆಯೊಂದಿಗೆ ಇದ್ದರು. ಮನೆ ಗಂಡನ ಕಂಪೆನಿ ಕೊಟ್ಟದ್ದು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಫೋನು ಮಾಡಿದರು.

"ತಮ್ಮಾ, ಬಚ್ಚಲಲ್ಲಿ ಕೊಳೆತ ಮೊಟ್ಟೆಯ ಹಾಗೆ ವಾಸನೆ ಉಂಟು. ಅತ್ತೆಗೆ ತಲೆನೋವು. ಒಮ್ಮೆ ಬಂದು ನೋಡ್ತೀಯಾ?"

ಹೋದೆ. ಬಚ್ಚಲ ತೂಬಿನ ಬಳಿ ಹಿಡಿದ ಕೂಡಲೇ ಗ್ಯಾಸು ಅಳೆಯುವ ಮೀಟರ್ ಕೂಗಿತು. ತೂಬನ್ನು ಬಿಗಿಯಾಗಿ ಮುಚ್ಚಿದೆ. ಆಗ ಅದು ಗೋಡೆ ನೆಲ ಕೂಡುವ ಬಿರುಕಿನಲ್ಲಿ ಕೂಗತೊಡಗಿತು; ಗುಂಡಿಯ ಗ್ಯಾಸು ನೆಲದಡಿಯಿಂದಲೇ ಒಳಗೆ ಬರುತ್ತಿತ್ತು.

"ಒಲೆ ಹಚ್ಚಬೇಡಿ ಅಕ್ಕ. ಕಿಟಕಿಯೆಲ್ಲ ತೆರೆದಿಡಿ."

"ತೆರೆದ್ರೆ ಹೊರಗಿನ ನಾತವೂ ಒಳಗೆ ಬರ್ತದಲ್ಲ. ಈ ಸೆಕೆಗೆ ಎಸಿ ಇಲ್ಲದೆ ಅತ್ತೆ ಇರುವುದು ಹೇಗೆ?"

ಮೂವರನ್ನೂ ಗುಫೂಲ್‌ನ ನಮ್ಮ ಫ್ಲ್ಯಾಟಿಗೆ ಹೊರಡಿಸಿದೆ. ಕಾರಿಗೆ ಚೀಲ ಹಾಕುವಾಗ ಪಕ್ಕದ ಮನೆಯ ಪಾಕಿಸ್ತಾನಿ, ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಬಂದರು.

"ಭಾಯ್, ಹಮಾರಾ ಘರ್ ಭೀ ದೇಖ್ ಲೋ."

ನೋಡಿದೆ. ಅವರ ಮನೆಯಲ್ಲೂ ಮೀಟರ್ ಕೂಗಿತು. ಅವರಿಗೂ ಒಲೆ, ಕಿಟಕಿಯ ಮಾತನ್ನೇ ಹೇಳಿದೆ. ಎಲ್ಲಿಗಾದರೂ ಹೋಗಿ ಎಂದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ನನ್ನ ಫ್ಲ್ಯಾಟಿನಲ್ಲಿ ಇದ್ದದ್ದು ಎರಡೇ ಕೋಣೆ. ಸಂಜೆ ನಮ್ಮ ಮ್ಯಾನೇಜರ್ ಬಳಿ, ಆ ಸಾಲನ್ನೇ ಖಾಲಿ ಮಾಡಿಸಬೇಕು ಎಂದು ವಾದಿಸಿದೆ. "ಪಾರ್ಟ್ ಬರಲಿ, ಇನ್‌ಶಾ ಅಲ್ಲಾ," ಎಂದರು.

ನಮ್ಮ ಮನೆಯಲ್ಲಿ ಅಕ್ಕನ ಅತ್ತೆ ಸಂಕೋಚದಿಂದ ಅರ್ಧ ಊಟ ಮಾಡುತ್ತಿದ್ದರು. ಬಿಡಿಭಾಗ ಬಂದು ಯಂತ್ರ ತಿರುಗಿದಾಗ ಎಲ್ಲರಿಗಿಂತ ಮೊದಲು ಚೀಲ ಕಟ್ಟಿದವರೂ ಅವರೇ. ಮನೆ ತಲುಪಿಸಿ ನಾನು ಮತ್ತೆ ಬಚ್ಚಲು ನೋಡಿದೆ. ಮೀಟರ್ ಕೂಗಲಿಲ್ಲ, ಆದರೆ ಅಂಕಿ ಸೊನ್ನೆಗೂ ಇಳಿಯಲಿಲ್ಲ.

"ಇನ್ನು ಇಲ್ಲಿ ಇರಬಹುದಾ?" ಅಕ್ಕ ಕೇಳಿದರು.

"ಮೊದಲಿಗಿಂತ ಕಡಿಮೆ ಉಂಟು."

"ನಾನು ಕೇಳಿದ್ದು ಅದಲ್ಲ ತಮ್ಮಾ."

ತಲೆ ತಗ್ಗಿಸಿ ಮೀಟರನ್ನು ಚೀಲಕ್ಕೆ ಹಾಕಿಕೊಂಡೆ. ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಅವರು ಎಲ್ಲಿಗೆ ಹೋದರೆಂದು ಆ ಸಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.